ಹತ್ತು ನಿಮಿಷದ ಕೊಸರು

4-4-85, ಬೆಳಿಗ್ಗೆ 7.30
ನಲ್ಲಿ ನಿಂತಿತು. ಸರಿಯಾಗಿ ಅರ್ಧ ಗಂಟೆ. ಹಂಡೆ, ಎರಡು ಕೊಡ, ಅಷ್ಟೇ. ಇಡೀ ಗುಬ್ಬಿ ಊರಿಗೆ ನೀರು ಬಿಡುವವರ ಮನೆಯಲ್ಲಿ ಬಟ್ಟೆಗೆ ನೀರಿಲ್ಲ. ಕೇಳಿದರೆ ಇವರು ರೂಲ್ಸ್ ಹೇಳುತ್ತಾರೆ. ಬೋರ್‌ವೆಲ್ ನೀರು ಕೆಳಗಿಳಿದಿದೆ, ಬೀದಿಗೆ ಅರ್ಧ ಗಂಟೆ ಅಂತ ಆರ್ಡರ್ ಆಗಿದೆ, ಮೀರಿದರೆ ಕೆಲಸ ಹೋಗುತ್ತದಂತೆ. ದಿನಗೂಲಿ ಬೇರೆ.

ನಮ್ಮ ಬೀದಿಯ ವಾಲ್ವ್ ಮುಚ್ಚಿ, ಶಾಲೆ ಬೀದಿಗೆ ಹೋದರು. ಅಲ್ಲಿಯ ವಾಲ್ವ್ ಇರುವುದು ಹೊಲಿಗೆ ಕಲಿಸುವ ಶಕುಂತಲಮ್ಮನ ಬಾಗಿಲಲ್ಲೇ...

6-4-85
ಶಕುಂತಲಮ್ಮ ಕಾಫಿ ಚೆನ್ನಾಗಿ ಮಾಡುತ್ತಾಳಂತೆ. ಹದಿನಾಲ್ಕು ವರ್ಷದಲ್ಲಿ ನನ್ನ ಕಾಫಿಗೆ ಒಂದು ಒಳ್ಳೆ ಮಾತಿಲ್ಲ. ಹೊಟ್ಟೆಕಿಚ್ಚು ಅನ್ನಲಿ. ಹೌದು, ಹೊಟ್ಟೆಕಿಚ್ಚೇ.

9-4-85
ಜರಡಿ ಕೇಳುವ ನೆಪದಲ್ಲಿ ಶಾಲೆ ಬೀದಿಯ ನಿಂಗಮ್ಮನ ಮನೆಗೆ ಹೋದೆ. ಅವಳ ಕಿಟಕಿಗೆ ಆ ವಾಲ್ವ್ ಕಾಣುತ್ತದೆ. ಏಳೂವರೆಗೆ ತಿರುಗಿಸಿದರು. ಶಕುಂತಲಮ್ಮನ ಜಗಲಿ ಮೇಲೆ ಕೂತರು. ಲೋಟ ಬಂತು. ಅವಳೇನೋ ಅಂದಳು, ಇವರು ನಕ್ಕರು. ಮುಚ್ಚಿದ್ದು ಎಂಟು ಹತ್ತಕ್ಕೆ. ನಲವತ್ತು ನಿಮಿಷ! ಹೆಂಡತಿಗೆ ರೂಲ್ಸು, ಅವಳಿಗೆ ಕೊಸರು.

10-4-85
ಇವತ್ತೂ ಹತ್ತು ನಿಮಿಷ ಹೆಚ್ಚು.

11-4-85
ಇನ್‌ಲ್ಯಾಂಡ್ ಲೆಟರ್ ತಂದೆ. ಪುರಸಭೆ ಚೀಫ್ ಆಫೀಸರಿಗೆ ಎಲ್ಲ ಬರೆದೆ, ಎಡಗೈಯಲ್ಲಿ. ಹೆಸರು ಹಾಕಲಿಲ್ಲ. ಗದರಿಸಿ ಬೇರೆ ಬೀದಿಗೆ ಹಾಕಲಿ, ಸಾಕು. ಪೋಸ್ಟ್ ಮಾಡಿ ಬಂದ ಮೇಲೆ ಹಾಯೆನಿಸಿತು.

19-4-85, ಸಂಜೆ
ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರಂತೆ. ಸೋಮವಾರದೊಳಗೆ ಉತ್ತರ ಬರೆದುಕೊಟ್ಟರೆ ನೋಡುತ್ತಾರಂತೆ. ದೂರಿನ ಕಾಗದವನ್ನೂ ಕೊಟ್ಟು ಕಳಿಸಿದ್ದಾರೆ. ಇವರಿಗೆ ಸಹಿ ಬಿಟ್ಟರೆ ಅಕ್ಷರ ಬಾರದು. ನನ್ನ ಕೈಗಿಟ್ಟು ಓದು ಅಂದರು. ಓದಿದೆ. ನಡುವೆ ಎರಡು ಸಲ ನೀರು ಕುಡಿದೆ.

"ಆ ಬೀದಿ ಏರು ಕಣೇ. ತುದೀಲಿರೋ ಮನೆಗಳಿಗೆ ನೀರು ಹತ್ತಕ್ಕೇ ಹತ್ತು ನಿಮಿಷ ಬೇಕು. ಬರ್ದೋರು ವಾಲ್ವ್ ನೋಡವ್ರೆ, ನಲ್ಲಿ ನೋಡಿಲ್ಲ."

ನೀರು ಬಿಡುವವರ ಹೆಂಡತಿ ನಾನು. ಇಷ್ಟು ತಿಳಿಯಲಿಲ್ಲ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು.

ಉತ್ತರ ನೀನೇ ಬರೆ ಅಂದರು. ಹೇಳಿದ್ದೆಲ್ಲ ಬರೆದೆ. ಕೊನೆಗೆ, "ನಂಗೆ ಯಾರೂ ಆಗದೋರಿಲ್ಲ, ಯಾರು ಬರ್ದ್ರೋ ಗೊತ್ತಿಲ್ಲ ಅಂತ ಸೇರ್ಸು" ಅಂದರು. ಅದೊಂದು ಸಾಲಿಗೆ ಕೈ ಬರಲಿಲ್ಲ. ಹಾಲು ಉಕ್ಕುತ್ತದೆ ಅಂತ ಸುಳ್ಳು ಹೇಳಿ ಒಳಗೆ ಬಂದು ಕೂತಿದ್ದೇನೆ.

ನಾನು ಬಾಯಿಬಿಡದಿದ್ದರೆ ಇವರಿಗೆ ಎಂದೂ ತಿಳಿಯುವುದಿಲ್ಲ. ಈ ಪುಸ್ತಕ ಎದುರಿಗೆ ಬಿಚ್ಚಿಟ್ಟರೂ ತಿಳಿಯುವುದಿಲ್ಲ.

ಕರೆಯುತ್ತಿದ್ದಾರೆ. ಎದ್ದು ಬಂದರು. ಹೇಳಿಬಿಡುತ್ತೇ—