ಇಪ್ಪತ್ತೊಂದು ಹೆಜ್ಜೆಯ ಬೂದಿಗೆರೆ

ಮೃಗಶಿರಾ ಮಳೆಯ ನಲವತ್ತೊಂದನೆಯ ದಿನ,
ನಿಮ್ಮ ಲೆಕ್ಕದಲ್ಲಿ 2174ನೆಯ ಇಸವಿ,
ಕರೆಕಲ್ಲ ಗುಡ್ಡದ ಕೆಳಗಿನ ಕುರಿಹಟ್ಟಿ.

ಹಿರಿಯವ್ವ ಸೋಬವ್ವನಿಗೆ, ನಿನ್ನ ಮಗಳ ಮೊಮ್ಮಗಳ ಮೊಮ್ಮಗಳಾದ ಜಕ್ಕವ್ವ ಮಾಡುವ ಶರಣು.

ಒಂದು ಮಳೆಗೆ ಹದಿನಾಲ್ಕು ದಿನವಲ್ಲವೇ, ಇವಳೇನು ನಲವತ್ತೊಂದು ಎನ್ನುತ್ತಾಳೆ ಎಂದು ನೀನು ನಗಬಹುದು. ನಮ್ಮ ಕಾಲದಲ್ಲಿ ಒಂದು ಹದ ಮಳೆಯಾದರೂ ಬೀಳುವ ತನಕ ಮಳೆಯ ಹೆಸರು ಬದಲಿಸುವುದಿಲ್ಲ. ಈ ವರ್ಷ ಮೃಗಶಿರಾ ಇನ್ನೂ ನಿಂತೇ ಇದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊ. ನಾನು ಸಾಲೆ ಕಲಿತವಳಲ್ಲ. ಅಕ್ಷರ ಕಲಿತದ್ದು ಕುರಿಮಣಿ ಓದಿ. ಅದು ಕುರಿಯ ಕಿವಿಗೆ ಚುಚ್ಚುವ ಹುಣಸೆಬೀಜದಷ್ಟು ಮಣಿ. ಒತ್ತಿದರೆ ಕುರಿಯ ಹೆಸರು, ಅದರ ತಾಯಿಯ ಹೆಸರು, ಎಂದು ನೀರು ಕುಡಿಯಿತು ಎಂಬುದೆಲ್ಲ ಅಂಗೈಯ ಮೇಲೆ ಬೆಳಕಿನಲ್ಲಿ ಮೂಡುತ್ತದೆ. ಹಾಗಾಗಿ ಕುರಿಗಳ ಹೆಸರನ್ನು ತಪ್ಪಿಲ್ಲದೆ ಬರೆಯುತ್ತೇನೆ, ಮನುಷ್ಯರ ಹೆಸರಿನಲ್ಲಿ ಒತ್ತು ದೀರ್ಘ ತಪ್ಪುತ್ತವೆ.

ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ವಯಸ್ಸಾದವರು ಬದುಕಿನಲ್ಲಿ ಒಮ್ಮೆ ಹಿಂದಿನವರಿಗೆ ಬರೆದು ಗಾಳಿಕಂಬದ ಬುಡದಲ್ಲಿ ಹೂಳುತ್ತಾರೆ. ಮುಟ್ಟುತ್ತದೆಯೋ ಇಲ್ಲವೋ, ಯಾರೂ ಮರಳಿ ಬಂದು ಹೇಳಿಲ್ಲ. ನಿನ್ನ ಕಾಲದಲ್ಲಿ ಗುಡ್ಡದ ಮೇಲೆ ಗರಗರ ತಿರುಗುತ್ತಿದ್ದ ಆ ಕಂಬಗಳಲ್ಲಿ ಈಗ ಒಂದೂ ತಿರುಗುವುದಿಲ್ಲ. ಬಿದ್ದ ರೆಕ್ಕೆಗಳನ್ನು ಸೀಳಿ ಕುರಿಗಳಿಗೆ ನೀರಿನ ದೋಣಿ ಮಾಡಿಕೊಂಡಿದ್ದೇವೆ. ಮಧ್ಯಾಹ್ನ ಹಿಂಡಿನ ಮೇಲೆ ತೇಲುಕಂಬಳಿ ಬಿಡುತ್ತೇವೆ. ಅದು ಬಿಸಿಗಾಳಿಗೆ ಉಬ್ಬಿ ಮೇಲೇಳುವ ತೆಳ್ಳನೆಯ ಬಟ್ಟೆ. ಹಿಂಡು ಹೋದಲ್ಲಿ ನೆರಳೂ ಹೋಗುತ್ತದೆ. ದಿನದ ಊಟಕ್ಕೆ ನವಣೆಯ ಅಂಬಲಿ, ಜೋಳದ ರೊಟ್ಟಿ ಹಬ್ಬಕ್ಕೆ. ಕಂಬಗಳ ಬುಡದ ಕಾಂಕ್ರೀಟು ಬಿರುಕು ಬಿಟ್ಟ ಪೊಟರೆಗಳಲ್ಲಿ ತೋಳಗಳು ಮರಿ ಹಾಕುತ್ತವೆ. ಹಾಕುತ್ತಿದ್ದವು ಎಂದು ಬರೆಯಬೇಕಿತ್ತು. ಕೈಗೆ ಇನ್ನೂ ರೂಢಿಯಾಗಿಲ್ಲ.

ಬರುವ ಶ್ರಾವಣದಲ್ಲಿ ನಿನ್ನ ಹಟ್ಟಿಯ ಬೇವಿನ ಮರದ ಕೆಳಗೆ ಒಂದು ಸಭೆ ಸೇರುತ್ತದೆ. ನಿನಗಿನ್ನೂ ಗೊತ್ತಿಲ್ಲ, ನಮಗೆ ಬಾಯಿಪಾಠವಾಗಿದೆ. ಮುಧೋಳ ನಾಯಿ ಸಾಕಿದವರು ಬಿಲಕ್ಕೆ ಹೊಗೆ ಹಾಕಿ ನಾಯಿ ಬಿಡೋಣ, ತೋಳದ ಬೇರೇ ಕಿತ್ತುಹೋಗಲಿ ಎನ್ನುತ್ತಾರೆ. ಹಿರಿಯರು ಅದೂ ಬೀರಪ್ಪ ದೇವರ ಪ್ರಾಣಿ, ಅದರ ಪಾಲು ಅದು ತಿನ್ನಲಿ ಎನ್ನುತ್ತಾರೆ. ಅಣ್ಣತಮ್ಮಂದಿರು ಬಡಿಗೆ ಎತ್ತುವ ಹೊತ್ತಿಗೆ ನೀನು ಎದ್ದು ಒಲೆಯ ಬೂದಿಯನ್ನು ಮೊರಕ್ಕೆ ತುಂಬಿಕೊಂಡು ಹಟ್ಟಿಯ ಸುತ್ತ ಗೆರೆ ಎಳೆಯುತ್ತೀ. "ನಾಯಿ ಒಳಗ, ತೋಳ ಹೊರಗ. ಒಳಗ ಬಂದದ್ದು ನಾಯಿದು, ಹೊರಗಿದ್ದದ್ದು ತೋಳಂದು. ಮುಗೀತು" ಎನ್ನುತ್ತೀ. ನಿನ್ನ ಗಂಡನೇ ನಗುತ್ತಾನಂತೆ. "ಗೆರಿ ದಾಟಬ್ಯಾಡಂತ ತೋಳಕ್ಕ ಯಾರ್ ಹೇಳ್ತಾರ, ನೀ ಹೇಳ್ತಿಯೇನ?" ಅದಕ್ಕೆ ನೀನು, "ನಾ ನಿಮಗ ಹೇಳಾಕತ್ತೀನಿ, ತೋಳಕ್ಕಲ್ಲ" ಎನ್ನುತ್ತೀ. ಆ ಮಾತಿಗೆ ಇಂದಿಗೂ ನಮ್ಮ ಹೆಂಗಸರು ಬೀಗುತ್ತಾರೆ.

ಅಂದಿನಿಂದ ಗೆರೆ ಎಳೆಯುವುದು ನಿನ್ನ ಹೆಣ್ಣುಮಕ್ಕಳ ಕೆಲಸ. ಹಟ್ಟಿ ಕಿತ್ತು ಹೊಸ ಜಾಗದಲ್ಲಿ ಹೂಡಿದಾಗಲೆಲ್ಲ ನನ್ನವ್ವ ನಡುಗೂಟದಿಂದ ಇಪ್ಪತ್ತೊಂದು ಹೆಜ್ಜೆ ಅಳೆದು ಸುತ್ತು ಹಾಕುತ್ತಿದ್ದಳು. ಕಣ್ಣುಬಿಟ್ಟ ನಾಯಿಮರಿಯನ್ನು ಆ ಗೆರೆಯ ಒಳಗೊಳಗೇ ಮೂರು ಸುತ್ತು ನಡೆಸಿದರೆ ಸಾಯುವ ತನಕ ಅದು ದಾಟುತ್ತಿರಲಿಲ್ಲ. ತೋಳಗಳು ಒಂದೆರಡು ಮರಿ ಒಯ್ಯುತ್ತಿದ್ದವು, ನಾವು ಅಳುತ್ತಿದ್ದೆವು, ಬಿಡುತ್ತಿದ್ದೆವು.

ಹೋದ ವರ್ಷ ಒಂದೆರಡಕ್ಕೆ ನಿಲ್ಲಲಿಲ್ಲ. ಮೊಲ, ಚಿಗರಿ ಇಲ್ಲದ ಗುಡ್ಡದಲ್ಲಿ ಅವಾದರೂ ಏನು ತಿಂದಾವು? ನನ್ನ ತಮ್ಮನ ಮಗ ಮಾಳಿಂಗ ಒಂದೇ ವಾರದಲ್ಲಿ ಹದಿನೆಂಟು ಮರಿ ಕಳೆದುಕೊಂಡು ನನ್ನ ಬಾಗಿಲಿಗೆ ಬಂದು ಕುಳಿತ. ನಾನು ಎತ್ತಿ ಆಡಿಸಿದ ಮಗ. ಅವನ ಕಣ್ಣಲ್ಲಿ ನೀರು, ತೋಳದ ಬಿಲಕ್ಕೆ ನಾಯಿ ಬಿಡಲೇಬೇಕೆಂಬ ಹಟ. "ನಾಯಿ ಬಿಲಕ್ಕ ಒಯ್ಯಾಕ ಗೆರಿ ಬಿಡೂದಿಲ್ಲಪಾ" ಎಂದೆ. "ಗೆರಿ ಮುರಿ ಅಂತ ಯಾರ್ ಅಂದಾರ, ಅತ್ತಿ? ದೊಡ್ಡದು ಹಾಕು, ಅಷ್ಟ. ಎಲ್ಲೀ ಮಟ ಅಂತ ಸೋಬವ್ವ ಹೇಳ್ಯಾಳನ?" ಎಂದ. ನಾನು ನಿನ್ನ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ನೀನು ಹೇಳಿರಲಿಲ್ಲ. ಇಪ್ಪತ್ತೊಂದು ಹೆಜ್ಜೆ ನನ್ನವ್ವನ ರೂಢಿ, ನಿನ್ನ ಕಟ್ಟಳೆಯಲ್ಲ.

ಹನ್ನೊಂದು ಹಟ್ಟಿಗಳ ಬೂದಿ ತರಿಸಿ, ಬೆಳಿಗ್ಗೆಯಿಂದ ಹೊತ್ತು ನೆತ್ತಿಗೆ ಬರುವ ತನಕ ನಡೆದು, ಕರೆಕಲ್ಲ ಗುಡ್ಡಕ್ಕೆ ಗುಡ್ಡವನ್ನೇ ಗೆರೆಯ ಒಳಗೆ ಹಾಕಿದೆ. ಒಂದೂ ನಿಯಮ ಮುರಿಯಲಿಲ್ಲ, ಹಿರಿಯವ್ವಾ. ತೋಳ ಗೆರೆ ದಾಟಿ ನಮ್ಮ ಹಟ್ಟಿಗೆ ಬಂದಿರಲಿಲ್ಲ, ಮರಿ ಹಿಡಿದದ್ದೆಲ್ಲ ಹೊರಗೆ ಮೇಯುವಲ್ಲೇ. ನಾವೇ ಹಟ್ಟಿಯನ್ನು ಒಯ್ದು ಅದರ ಮನೆಯ ಮೇಲೆ ಹೊದಿಸಿದೆವು.

ನನ್ನದೊಂದು ನಾಯಿ ಇದೆ, ಚೂಪು ಮೂತಿಗೆಂದು ಸೂಜಿ ಎಂದು ಹೆಸರಿಟ್ಟಿದ್ದೇನೆ. ಬಿಲಕ್ಕೆ ಹೊರಟ ಆ ದಿನ ಉಳಿದ ನಾಯಿಗಳ ಮುಂದೆ ಓಡುತ್ತಿದ್ದವಳು ಹಳೆಯ ಗೆರೆಯ ಜಾಗಕ್ಕೆ ಬಂದದ್ದೇ ಗಕ್ಕನೆ ನಿಂತುಬಿಟ್ಟಳು. ಅಲ್ಲಿ ಬೂದಿಯ ಗುರುತೂ ಇರಲಿಲ್ಲ, ನಾನೇ ಗುಡಿಸಿ ಹಾಕಿದ್ದೆ. ಹಿಂದಿನ ನಾಯಿಗಳೂ ಸಾಲಾಗಿ ನಿಂತವು. ಜನ ಸಿಳ್ಳೆ ಹಾಕಿದರು, ಬೈದರು. ಕೊನೆಗೆ ಮಾಳಿಂಗ ಸೂಜಿಯನ್ನು ಕುರಿಮರಿಯಂತೆ ಹೆಗಲಿಗೆ ಹಾಕಿಕೊಂಡು ಆಚೆಗೆ ಒಯ್ದು ಇಳಿಸಿದ. ಅವಳು ಒಮ್ಮೆ ನನ್ನ ಮುಖ ನೋಡಿದಳು. ನಾನು "ಹೋಗು" ಎಂದೆ. ಆ ಒಂದು ಮಾತು ನನ್ನ ಬಾಯಿಯದೇ, ಯಾರ ಮೇಲೂ ಹಾಕಲಾರೆ.

ಪೊಟರೆಯಲ್ಲಿ ಏನಾಯಿತೆಂದು ಹೆಚ್ಚು ಬರೆಯಲಾರೆ. ತಾಯಿ ತೋಳ ಓಡಿಹೋಗಬಹುದಿತ್ತು, ಓಡಲಿಲ್ಲ. ಮರಿಗಳಿಗೆ ಹಲ್ಲು ಆಗತಾನೇ ಮೂಡುತ್ತಿದ್ದವು. ಗುಡ್ಡ ಇಳಿದು ಬಂದ ಗಂಡಸರಲ್ಲಿ ಒಬ್ಬನೂ ಕೇಕೆ ಹಾಕಲಿಲ್ಲ. ಆ ದಿನ ಅಂಬಲಿ ಕುಡಿದವರು ಕಡಿಮೆ.

ಈ ವರ್ಷ ಮತ್ತೆ ಮರಿಗಳು ಸಾಯುತ್ತಿವೆ. ತೋಳ ಗಂಟಲು ಹಿಡಿದು ಹೊತ್ತೊಯ್ಯುತ್ತದೆ, ಹೊಟ್ಟೆಗಾಗಿ. ಈ ಮರಿಗಳ ತೊಡೆ ಮಾತ್ರ ಹರಿದಿದೆ, ಒಂದು ತುತ್ತೂ ತಿಂದಿಲ್ಲ. ಇದು ಗೆರೆ ಮರೆತ ನಮ್ಮ ನಾಯಿಗಳ ಕೆಲಸ. ಹುಲ್ಲುಸಭೆಯಲ್ಲಿ, ಅಂದರೆ ಮೇವಿನ ಸರದಿ ಹಂಚುವ ನಮ್ಮ ಪಂಚಾಯಿತಿಯಲ್ಲಿ, ಇದನ್ನೇ ಹೇಳಿದೆ. "ನಿನ್ನ ಸೂಜಿ ಮ್ಯಾಲೂ ಸಂಶೆ ಏನ ಅತ್ತಿ?" ಎಂದು ಮಾಳಿಂಗ ಕೇಳಿದ. "ಸೂಜಿ ಮ್ಯಾಲ ಅಲ್ಲೋ, ನನ್ನ ಬೂದಿ ಮ್ಯಾಲ" ಎಂದೆ. ಯಾರೋ, "ಮುದುಕಿಗೆ ಅರಳು ಮರಳು" ಎಂದು ನಕ್ಕರು. ಮಾಳಿಂಗ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮೊನ್ನೆ ತನ್ನ ನಾಯಿಯ ಹಲ್ಲಿನಲ್ಲಿ ಕುರಿಯ ಉಣ್ಣೆ ಸಿಕ್ಕಿದ್ದನ್ನು ಬಿಡಿಸುತ್ತಿದ್ದವನು ಅವನೇ. ನಾನು ಕಂಡಿದ್ದೇನೆ, ನಾನು ಕಂಡದ್ದು ಅವನಿಗೂ ಗೊತ್ತು.

ಜೋಡಕಣವಿಯ ಗುಡ್ಡದಲ್ಲಿ ಒಂದು ಜೋಡಿ ತೋಳ ಉಳಿದಿದೆ. ನಾವು ಮೇಯಿಸುವ ಸೀಮೆಯಲ್ಲೆಲ್ಲ ಅದೊಂದೇ. ಮರಿ ಕೊಲ್ಲುವುದು ಅವೇ, ನಾಳೆ ಬೆಳಿಗ್ಗೆ ಆ ಗುಡ್ಡಕ್ಕೂ ಗೆರೆ ಎಳೆಯಬೇಕೆಂದು ಸಭೆ ಹೇಳಿದೆ. ಬೂದಿ ಆಗಲೇ ಬಂದು ನನ್ನ ಬಾಗಿಲಲ್ಲಿ ಬಿದ್ದಿದೆ.

ಅದಕ್ಕೇ ಈ ಅವಸರದ ಓಲೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಬಡಿಗೆ ಹಿಡಿದ ಅಣ್ಣತಮ್ಮಂದಿರ ನಡುವೆ ಒಂದು ಮೊರ ಬೂದಿ ಹಿಡಿದು ನಿಂತವಳಿಗೆ ಮುಂದಿನವರ ಕುಯುಕ್ತಿ ಎಲ್ಲಿ ಹೊಳೆದೀತು? ಆದರೆ ಶ್ರಾವಣ ಬಂದಾಗ, ಗೆರೆ ಎಳೆದ ಮೇಲೆ, ಇನ್ನೊಂದು ಮಾತು ಸೇರಿಸು. ಇದು ಇಷ್ಟೇ, ಇದಕ್ಕಿಂತ ಒಂದು ಹೆಜ್ಜೆ ಹೆಚ್ಚಿಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವರು ಅತ್ತು ಕೇಳಿದರೂ ಇಲ್ಲ ಎಂದು ಗಟ್ಟಿಯಾಗಿ ಹೇಳು. ನಗುವವರು ನಗಲಿ.

ಓಲೆ ನಿನಗೆ ಮುಟ್ಟದೆ ಹೋದರೆ ಆ ಮಾತು ನಾಳೆ ನಾನೇ ಹೇಳಬೇಕಾಗುತ್ತದೆ. ನಡುಗೂಟದಿಂದ ಹೊರಟು ಇಪ್ಪತ್ತೊಂದನೆಯ ಹೆಜ್ಜೆಗೆ ನಿಲ್ಲುತ್ತೇನೆ. ಮಾಳಿಂಗ ಮೊರ ಕಸಿದುಕೊಂಡರೆ ಕಸಿದುಕೊಳ್ಳಲಿ, ಅವನ ತೋಳಿಗೆ ಬಲವಿದೆ. ನಾನಾಗಿ ಕೊಡುವುದಿಲ್ಲ.

ಹೋಗಿ ಬರುತ್ತೇನೆ, ಹಿರಿಯವ್ವಾ. ನೀನು ಇನ್ನೂ ಕಾಣದ ನಿನ್ನ ಕೂಸು,

ಜಕ್ಕವ್ವ