ಕಟಕಟೆ ಹತ್ತಿದ ತಂಗಿಗೆ

ಮೂಡಲಪಾಳ್ಯ
17-7-1957

ವಿಮಲಾ,

ಹೆಸರಿನ ಹಿಂದೆ ಚಿರಂಜೀವಿ, ಸೌಭಾಗ್ಯವತಿ ಅಂತೆಲ್ಲ ಬರೆಯುವುದು ರೂಢಿ. ಈ ಸಲ ಕೈ ಬರಲಿಲ್ಲ. ಬರೀ ಹೆಸರು ಬರೆದಿದ್ದೇನೆ.

ಮೊನ್ನೆ ತೀರ್ಪು ಬಂತು. ಹೊಲ ಬೆಟ್ಟಯ್ಯನ ಸ್ವಾಧೀನದಲ್ಲೇ ಇತ್ತಂತೆ. ನಾನು ಅವನ ಕೂಲಿಯಾಳಂತೆ. ಅದನ್ನು ಕನ್ನಡದಲ್ಲಿ ತಿಳಿಸಿ ಹೇಳುವಾಗ ವಕೀಲ ಶ್ಯಾಮಸುಂದರರಾಯರು ನನ್ನ ಮುಖ ನೋಡಲಿಲ್ಲ.

ಅಪ್ಪ ತೀರಿಕೊಂಡ ವರ್ಷದಿಂದ ಆ ಕೆರೆಯಂಚಿನ ಹೊಲದಲ್ಲಿ ರಾಗಿ ಬೆಳೆದವಳು ಯಾರು ಅಂತ ನಿನಗೆ ಗೊತ್ತು. ದೊಡ್ಡಪ್ಪನ ಮಗನೆಂಬ ಸಲಿಗೆಯಲ್ಲಿ ಬೆಟ್ಟಯ್ಯ ಬೇಲಿ ಹಾಕಲು ಬಂದಾಗ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತವಳು ನಾನು; ನನ್ನ ಬೆನ್ನ ಹಿಂದೆ ನಿಂತು ಅವನನ್ನು ಬೈದವಳು ನೀನು. ಮುನ್ಸೀಫ್ ಕೋರ್ಟಿನಲ್ಲಿ ಗೆದ್ದೆವು. ಅವನು ಮೇಲ್ಮನವಿ ಹಾಕಿದ. ಉಳುಮೆ ಯಾರದೆಂದು ಇನ್ನಷ್ಟು ಸಾಕ್ಷಿ ಕೇಳಿ ಹೊಸದಾಗಿ ತೀರ್ಮಾನಿಸಿ ಎಂದು ಮೇಲಿನ ಕೋರ್ಟು ಕೇಸನ್ನು ಹಿಂದಕ್ಕೆ ಕಳಿಸಿತು. ಆಗ ವಕೀಲರು, "ಮನೆಯೋರೇ ಯಾರಾದ್ರೂ ಬಂದು ಹೇಳಿದ್ರೆ ಒಳ್ಳೇದಮ್ಮ" ಅಂದರು. "ನನ್ ತಂಗಿ ಇದಾಳೆ ಸಾರ್, ರಾಜಾಜಿನಗರದ ಸ್ಕೂಲಲ್ಲಿ ಪಾಠ ಹೇಳ್ತಾಳೆ" ಅಂತ ಎಷ್ಟು ಜಂಬದಿಂದ ಹೇಳಿದ್ದೆ!

ಸಾಕ್ಷಿಯ ದಿನ ನಿನ್ನನ್ನು ಕರೆದೊಯ್ಯಲು ನಾನೇ ಬಂದೆ. ಕೋರ್ಟಿನ ಮೆಟ್ಟಿಲ ಮೇಲೆ ನೀನು ನನ್ನ ಸೆರಗು ಸರಿಮಾಡಿ, "ಹೆದರ್ಕೋಬೇಡ ಕಣಕ್ಕ" ಅಂದೆ. ಕಟಕಟೆ ಹತ್ತಿದ ಮೇಲೆ ಅದೇ ಬಾಯಲ್ಲಿ, "ಉಳುಮೆ ಬೆಟ್ಟಯ್ಯಣ್ಣಂದೇ. ಅಕ್ಕ ಅವರತ್ರ ಕೂಲಿಗೆ ಹೋಗ್ತಿದ್ಲು" ಅಂದೆ. ತಪ್ಪು ಕೇಳಿಸಿತೇನೋ ಎಂದು ವಕೀಲರು ಇನ್ನೊಮ್ಮೆ ಕೇಳಿದರು. ನೀನು ಇನ್ನೊಮ್ಮೆಯೂ ಹಾಗೇ ಹೇಳಿದೆ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಬಿಡಿಸಿ ಬಿಡಿಸಿ.

ಯಾರೋ ಬೆದರಿಸಿರಬೇಕು ಅಂದುಕೊಂಡೆ. ನಿನ್ನನ್ನು ಆಡಿಕೊಂಡವರ ಜೊತೆ ತೀರ್ಪು ಬರುವವರೆಗೂ ಜಗಳವಾಡಿದೆ.

ನಿನ್ನೆ ಹೊಲದ ಕಡೆ ಹೋದೆ. ನಿನ್ನ ಯಜಮಾನರು ಪದ್ಮನಾಭ ಟೇಪು ಹಿಡಿದು ಗಾರೆ ಮೇಸ್ತ್ರಿಯ ಜೊತೆ ನಿಂತಿದ್ದರು. ಮೂಲೆಯ ಜಾಗ ಮನೆ ಕಟ್ಟಲು ನಿಮಗೆ ಕೊಡುವುದೆಂದು ಬೆಟ್ಟಯ್ಯ ಮೊದಲೇ ಮಾತಾಡಿದ್ದನಂತೆ. ನನ್ನನ್ನು ಕಂಡು ಅವರು ನಾಚಲಿಲ್ಲ, ಖುಷಿಯಲ್ಲೇ ಇದ್ದರು. "ಹಿಂದ್ಗಡೆ ನಿಮಗೂ ಒಂದ್ ರೂಮ್ ಇಟ್ಟಿದೀವಿ ಅಕ್ಕ. ವಿಮಲಾನೇ ಹೇಳಿದ್ದು" ಅಂದರು.

ಬೆಟ್ಟಯ್ಯನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವನು ಎದುರು ನಿಂತು ಬಡಿದಾಡಿದ. ನೀನು ನನ್ನ ಹೊಲವನ್ನು ಅವನಿಗೆ ಕೊಟ್ಟು, ಅದರಲ್ಲೇ ನನಗೊಂದು ಕೋಣೆ ಮಿಗಿಸಿದೆ. ಆ ಕೋಣೆಯ ಮಾತು ಕೇಳುವವರೆಗೂ ನಾನು ಅತ್ತಿರಲಿಲ್ಲ ವಿಮಲಾ.

ಒಂದು ಮನೆ ಬೇಕು ಅಂತ ನನ್ನನ್ನೇ ಕೇಳಿದ್ದರೆ ಮೂಲೆಯೇನು, ಅರ್ಧ ಹೊಲ ಬರೆದುಕೊಡುತ್ತಿದ್ದೆ. ಅಪ್ಪನ ಹೊಲ, ನಿನಗೂ ಸೇರಿದ್ದೇ. ಕೇಳುವುದಕ್ಕೆ ಏನು ಅಡ್ಡ ಬಂತು? ಇದೊಂದಕ್ಕೆ ಉತ್ತರ ಬರೆ. ಬೇರೇನೂ ಬೇಡ.

ಇನ್ನೂ ನಿನ್ನ ಅಕ್ಕನೇ ಆಗಿರುವ,
ರಾಮಕ್ಕ

ಮರೆತಿದ್ದೆ: ಈ ಸಲದ ಮೇಲ್ಮನವಿ ನಮ್ಮದು. ಇವತ್ತು ರುಜು ಹಾಕಿ ಬಂದೆ. ತಂಗಿ ಜಾಗದ ಆಸೆಗೆ ಸುಳ್ಳು ಸಾಕ್ಷಿ ನುಡಿದಳು ಅಂತ ಬರೆಯದಿದ್ದರೆ ಅದು ನಿಲ್ಲುವುದಿಲ್ಲ, ಬರೆದರೆ ನಿನ್ನ ಕೆಲಸಕ್ಕೆ ಕುತ್ತು ಬರಬಹುದು ಅಂದರು ವಕೀಲರು. ಪೆನ್ನು ಹಿಡಿದು ಕಾದರು. ನಾನು, "ಬರೀರಿ" ಅಂದೆ.