ಹುಣಸೆಹಣ್ಣು ಹಚ್ಚಿದ ಬಿಳಿ ಚೆಂಡು

ಕಾಕಾ,

ನಿಮ್ಮ ಸುಮನ್‌ಳ ನಮಸ್ಕಾರ. ಕಾಕು ಆರಾಮ ಇದ್ದಾರೆ. ನಿಪ್ಪಾಣಿಯ ನಿಮ್ಮ ಬಿಲಿಯರ್ಡ್ಸ್ ಹಾಲನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ.

ಹೋದ ವಾರ ಕೊಲ್ಹಾಪುರದಿಂದ ಹೊಸ ಚೆಂಡುಗಳನ್ನು ತಂದೆ. ಅಂಗಡಿಯಲ್ಲಿ ಕೈ ತಾನಾಗಿಯೇ ನಿಮ್ಮಂತೆ ಎರಡು ಚೆಂಡು ಎತ್ತಿ ಕಿವಿಯ ಹತ್ತಿರ ಮೆಲ್ಲಗೆ ತಾಕಿಸಿತು. ಅಗ್ಗದವು ಮಂಕಾಗಿ ಸದ್ದು ಮಾಡಿದವು, ದುಬಾರಿ ಫಿನಾಲಿಕ್ ರಾಳದವು ಗಟ್ಟಿಯಾಗಿ ಟಕ್ ಎಂದವು. ಆಮೇಲೆ ಗಾಜಿನ ಕೌಂಟರ್ ಮೇಲೆ ಒಂದೊಂದನ್ನೇ ಉರುಳಿಸಿ ನೋಡಿದೆ. "ಅಕ್ಕಾರ, ಇವು ಕಲ್ಲಂಗಡಿ ಅಲ್ರಿ" ಎಂದ ಅಂಗಡಿಯವನು. ನೀವಿದ್ದಿದ್ದರೆ ಅವನಿಗೆ ಒಂದು ತಾಸು ಪಾಠವಾಗುತ್ತಿತ್ತು.

ನೀವು ಚೆಂಡು ತೊಳೆಯುತ್ತಿದ್ದದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಉಗುರುಬೆಚ್ಚಗಿನ ನೀರು, ಒಂದೇ ಹನಿ ಸೋಪು, ಹಳೆಯ ಧೋತರದ ತುಂಡು. ತಂಬಾಕಿನ ವಖಾರಿಯಿಂದ ಬಂದವರಿಗೆ, "ಮದಲ ಕೈ ತೊಳಕೊಂಡ ಬರ್ರಿ, ಆಮ್ಯಾಲ ಆಟ" ಎನ್ನುತ್ತಿದ್ದಿರಿ. ಕಾಕು ಅದನ್ನು ನೋಡಿ, "ಇಷ್ಟ ಜ್ವಾಕೀಲೆ ಒಂದ ದಿನಾನೂ ಮಕ್ಕಳಿಗೆ ಜಳಕಾ ಹಾಕಿಲ್ಲ ಇವ್ರು" ಎನ್ನುತ್ತಿದ್ದರು.

ಆ ವರ್ಷದ ದಸರೆಯ ಖಂಡೇಪೂಜೆ ನೆನಪಿದೆಯೇ? ನೀವು ಅಥಣಿಗೆ ಹೋಗಿದ್ದಿರಿ. ಪೂಜೆಗೆ ಚೆಂಡು ಹೊಳೆಯಲಿ ಎಂದು, ದೇವರ ಮುಂದಿನ ಹಿತ್ತಾಳೆ ದೀಪದ ಸಮೆ ಬೆಳಗುವ ಹಾಗೆ ಬಿಳಿ ಚೆಂಡಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಒರೆಸಿ ನೋಡಿದರೆ ಮೈತುಂಬ ಸಣ್ಣ ಗೀರು. ಹೆದರಿ ಉಳಿದವನ್ನು ಮುಟ್ಟಲಿಲ್ಲ. ಕುಂಕುಮ ಹಚ್ಚಿ ಸಾಲಾಗಿ ಇಟ್ಟುಬಿಟ್ಟೆ.

ಮರುದಿನ ನೀವು ಮರಳಿ ಬಂದಾಗ ಆಡುತ್ತಿದ್ದವರು ನಿಮ್ಮ ಜೀವದ ಗೆಳೆಯ, ಶೇಡಬಾಳದಲ್ಲಿ ಬಂಗಾರದ ಅಂಗಡಿ ಇಟ್ಟಿರುವ ಜಿನ್ನಪ್ಪ ಕಾಕಾ. ಹೊಸ ಸೆಟ್ ಬಂದಾಗಲೆಲ್ಲ ಒಂದೊಂದು ಚೆಂಡನ್ನೂ ತಮ್ಮ ತಕ್ಕಡಿಯಲ್ಲಿ ತೂಗಿ, ಸಮ ಇದ್ದರಷ್ಟೇ ಹೂಂ ಎನ್ನುತ್ತಿದ್ದವರು. ನೀವು ಬಿಳಿ ಚೆಂಡನ್ನು ಬೆಳಕಿಗೆ ಹಿಡಿದು ನೋಡಿದಿರಿ. ಆಮೇಲೆ ಅವರ ಕೈ ನೋಡಿದಿರಿ.

"ಉಂಗುರಾ ತಗದ ಆಡು ಅಂತ ಎಷ್ಟ ಸಲಾ ಹೇಳಬೇಕೋ ಜಿನ್ನಪ್ಪಾ? ನನ್ನ ಚಂಡ ಹಾಳ ಮಾಡಿದಿ."

ಹತ್ತು ಜನರ ಎದುರು. ಅವರು ಕೋಲು ಗೋಡೆಗೆ ಆನಿಸಿ ಹೊರಟುಹೋದರು, ಮತ್ತೆ ಬರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಯಾಕೆ ಬಾಯಿ ಬಿಡಲಿಲ್ಲ? ನಾಲ್ಕು ದಿನಕ್ಕೆ ನೀವಿಬ್ಬರೂ ಸರಿಹೋಗುತ್ತೀರಿ ಎಂದುಕೊಂಡೆ. ತಿಂಗಳಾಯಿತು, ವರ್ಷವಾಯಿತು, ಆಮೇಲೆ ನೀವೇ ಇಲ್ಲವಾದಿರಿ.

ನಿನ್ನೆ ಹೊಸ ಚೆಂಡುಗಳನ್ನು ತೂಗಿಸಲು ಶೇಡಬಾಳಕ್ಕೆ ಹೋಗಿದ್ದೆ. ಜಿನ್ನಪ್ಪ ಕಾಕಾ ತಕ್ಕಡಿ ತೆಗೆದು ಒಂದೊಂದನ್ನೇ ತೂಗಿದರು. ಎಲ್ಲವೂ ಸಮ. "ಚಲೋ ಆರಿಸಿದಿ" ಎಂದರು. ಆಗ ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿ ಅತ್ತುಬಿಟ್ಟೆ.

"ಗೊತ್ತಿತ್ತವಾ. ಚಂಡ ಹುಣಸಿಹಣ್ಣಿನ ವಾಸನಿ ಹೊಡ್ಯಾಕತ್ತಿತ್ತು."

"ಮತ್ತ ಆವತ್ತ ಯಾಕ ಹೇಳಲಿಲ್ರಿ ಕಾಕಾ?"

"ನಿನ್ನ ಮಾರಿ ನೋಡಿದ್ನಿ. ಹೇಳಾಕ ಮನಸಾಗಲಿಲ್ಲ."

ಮತ್ತೆ ಆಡಲು ಬನ್ನಿ ಎಂದು ಕರೆದೆ. ಅವರು ಚೆಂಡುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಟ್ಟರು.

"ಬರ್ತೀನಿ. ಮದಲ ನಿಮ್ಮ ಕಾಕಾಗ ಹೇಳು. ನನ್ನ ಮ್ಯಾಲಿನ ಸಿಟ್ಟ ಕಟ್ಟಕೊಂಡ ಹೋಗ್ಯಾನ ಅಂವಾ."

ಅದಕ್ಕೇ ಈ ಪತ್ರ, ಕಾಕಾ. ಚೆಂಡು ಹಾಳು ಮಾಡಿದ್ದು ನಾನು. ಇನ್ನು ಅವರ ಮೇಲೆ ಸಿಟ್ಟು ಬೇಡ. ಇದನ್ನು ಮುಗಿಸಿದ ಕೂಡಲೇ ಶೇಡಬಾಳಕ್ಕೆ ಫೋನ್ ಮಾಡಿ, ಹೇಳಿದೆ ಎನ್ನುತ್ತೇನೆ.

ನಿಮ್ಮ ಸುಮನ್